ಐದನೇ ನಂಬರಿನ ಬಾಯಿ

ನೆದರ್‌ಲ್ಯಾಂಡ್ಸ್‌ನ ಡೀಮೆನ್ ಊರಿನ ಈ ಪುಟ್ಟ ಫುಟ್‌ಬಾಲ್ ಮೈದಾನಕ್ಕೆ ಶನಿವಾರ ಎಲ್ಲರಿಗಿಂತ ಮೊದಲು ಬರುವುದು ಹೆಬ್ಬಾತುಗಳು. ಎರಡನೆಯವರು ಅನ್ಸೆಲ್ಮೊ ಕಿರೋಗಾ. ಕಾಲುವೆಯಿಂದ ಹತ್ತಿ ಬಂದ ಹೆಬ್ಬಾತುಗಳು ಹುಲ್ಲಿನ ಮೇಲೆಲ್ಲ ಗಲೀಜು ಮಾಡಿಟ್ಟಿರುತ್ತವೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೈಯಲ್ಲಿ ಸಲಿಕೆ, ಬಕೆಟ್ಟು. ಎಡ ಮೊಣಕಾಲನ್ನು ತುಸು ಎಳೆದು ಹಾಕುತ್ತಾ ಅದನ್ನೆಲ್ಲ ಬಾಚಿ ತೆಗೆಯುತ್ತಾರೆ. ಆಮೇಲೆ ಬಿಳಿ ಗೆರೆ ಎಳೆಯುವ ಗಾಡಿಯನ್ನು ಹೊರಗೆ ತಂದು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಕಣ್ಣು ನೆಟ್ಟು ನಡೆಯುತ್ತಾರೆ. "ಊರಿಗೆಲ್ಲ ಲಾಕ್‌ಡೌನು, ಇವಕ್ಕೆ ಮಾತ್ರ ಏನೂ ಇಲ್ಲ ನೋಡಿ," ಎಂದು ಹೆಬ್ಬಾತುಗಳ ಕಡೆ ಕೈ ತೋರಿಸುತ್ತಾರೆ.

ಐವತ್ತನಾಲ್ಕು ದಾಟಿದ ಈ ಮನುಷ್ಯ ಒಂದು ಕಾಲದಲ್ಲಿ ಅರ್ಜೆಂಟೀನಾದಲ್ಲಿ ಸಂಬಳಕ್ಕೆ ಆಡುತ್ತಿದ್ದ ಮಿಡ್‌ಫೀಲ್ಡರ್ ಎಂದರೆ ಇಲ್ಲಿ ಯಾರೂ ತಟ್ಟನೆ ನಂಬುವುದಿಲ್ಲ. ಹುಲ್ಲು ಕತ್ತರಿಸುವುದು, ಬಲೆ ಹೊಲಿಯುವುದು, ಕೆಸರು ಮೆತ್ತಿದ ಜೆರ್ಸಿಗಳನ್ನು ಒಗೆದು ಒಣಗಿಸುವುದು ಇವರ ಈಗಿನ ಕೆಲಸ. ಮಾರ್ಚ್ ತಿಂಗಳವರೆಗೆ ಇನ್ನೊಂದು ಕೆಲಸವೂ ಇತ್ತು. ಹನ್ನೆರಡರ ಒಳಗಿನ ಮಕ್ಕಳಿಗೆ ಆಟ ಕಲಿಸುತ್ತಿದ್ದರು. ಮಕ್ಕಳ ಬಾಯಲ್ಲಿ ಇವರು ಸೆಲ್ಮೊ. ಆಡುವುದು ಸ್ಪ್ಯಾನಿಷ್ ವಾಸನೆಯ ಡಚ್ಚು. ಅದನ್ನು ಇಲ್ಲಿ ನಮ್ಮ ಮಾತಿಗೆ ತಂದುಕೊಂಡಿದೆ.

ಈ ಅಂಕಣಕ್ಕೆ ಸೆಲ್ಮೊ ಹೆಸರು ಹೇಳಿದವರು ಸಂಪ್ರೀತಾ. ಉಡುಪಿ ಕಡೆಯವರು, ಇಲ್ಲಿನ ಹೂಫ್‌ಡಾರ್ಪ್ ಊರಿನ ಒಂದು ವಿಮಾನ ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಕಳೆದ ಚಳಿಗಾಲದಲ್ಲಿ ಶಾಲೆಗಳು ಮುಚ್ಚಿದ್ದವು, ಕಚೇರಿ ಮನೆಯೊಳಗೇ ಬಂದು ಕೂತಿತ್ತು. ಮಕ್ಕಳು ಮಾತ್ರ ತಮ್ಮ ಕ್ಲಬ್ಬಿನಲ್ಲಿ ಬಯಲಿನಲ್ಲಿ ಆಡಬಹುದು ಎಂದು ಸರ್ಕಾರ ಹೇಳಿತ್ತು. ಅಪ್ಪ ಅಮ್ಮಂದಿರು ಗೇಟಿನ ಆಚೆಗೇ ನಿಲ್ಲಬೇಕು. "ಬೇಲಿ ಆಚೆ ನಿಂತು ಇಣುಕಿ ನೋಡುದು ನಾವು," ಎನ್ನುತ್ತಾರೆ ಸಂಪ್ರೀತಾ. "ಮಗಳು ಇಡೀ ದಿನ ಸೋಫಾದ ಮೇಲೆ ಬಿದ್ಕೊಂಡಿರ್ತಿದ್ಲು. ಇವ್ರು ಗೇಟು ತೆಗೆದ್ರೆ ಮಾತ್ರ ಅವ್ಳ ಮುಖದಲ್ಲಿ ಜೀವ ಬರ್ತಿತ್ತು. ದೇವರಂಥವ್ರು ಅಂತ ನಾನೇ ಎಲ್ಲರತ್ರ ಹೇಳ್ಕೊಂಡು ಬಂದದ್ದು."

ಅದು ಜನವರಿಯ ಮಾತು. ಫೆಬ್ರವರಿ ಕಳೆದ ಮೇಲೆ ಸೆಲ್ಮೊಗೆ ಫೋನು ಮಾಡಿದರೆ ಎರಡು ಸಲ ಬೇಡವೆಂದರು. ಮೂರನೇ ಸಲ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. "ಫೆಬ್ರವರಿಯಲ್ಲಿ ಆಗಿದ್ದನ್ನೂ ಬರೀಬೇಕು. ಅದು ಬಿಟ್ಟು ಹೊಗಳೋದಾದ್ರೆ ನನ್ನ ಸಹವಾಸ ಬೇಡ." ಹೀಗಾಗಿ ಈ ವಾರದ ಅಂಕಣ ಎಂದಿನ ಹಾಗಿಲ್ಲ.

ಸೆಲ್ಮೊ ಹುಟ್ಟಿದ್ದು ಅರ್ಜೆಂಟೀನಾದ ಪರಾನಾ ನದಿ ದಂಡೆಯ ಒಂದು ಊರಿನಲ್ಲಿ. ಅಪ್ಪ ಇಟ್ಟಿಗೆ ಭಟ್ಟಿಯ ಆಳು. ಹದಿನೈದರ ಹುಡುಗನನ್ನು ಯಾರೋ ನೋಡಿ ದೂರದ ಪಟ್ಟಣದ ಕ್ಲಬ್ಬಿಗೆ ಕರೆದೊಯ್ದರು. ಮಲಗುವುದು ಅಲ್ಲೇ ಗ್ಯಾಲರಿಯ ಕೆಳಗಿನ ಕೋಣೆಯಲ್ಲಿ, ಊಟಕ್ಕೆ ದಿನವೂ ಒಂದೇ ಸಾರು. ಎರಡನೇ ದರ್ಜೆಯಲ್ಲಿ ವರ್ಷಗಟ್ಟಲೆ ಬೆವರು ಸುರಿಸಿದರು. ಮೇಲಿನ ದರ್ಜೆಯಲ್ಲಿ ಆಡಿದ್ದು ಒಂದೇ ಋತು. ಬಳಿಕ ನೆದರ್‌ಲ್ಯಾಂಡ್ಸ್‌ನ ಒಂದು ಸಣ್ಣ ಊರಿನ ತಂಡದಿಂದ ಕರೆ ಬಂತು. ಇಲ್ಲಿಗೆ ಬಂದು ನಾಲ್ಕು ವರ್ಷಕ್ಕೆ ಮೊಣಕಾಲು ಕೈಕೊಟ್ಟಿತು. ಗೋದಾಮು, ಬಸ್ಸು ತೊಳೆಯುವ ಕೆಲಸ ಎಲ್ಲ ಮುಗಿಸಿ ಕೊನೆಗೆ ಈ ಮೈದಾನಕ್ಕೆ ಬಂದು ಸೇರಿದರು.

ಅವರದು ಐದನೇ ನಂಬರಿನ ಅಂಗಿ. ಅರ್ಜೆಂಟೀನಾದಲ್ಲಿ ಆ ಅಂಗಿ ತೊಟ್ಟವನು ಮೈದಾನದ ನಟ್ಟನಡುವೆ ನಿಂತು ಎದುರಾಳಿಯ ಚೆಂಡು ಕಸಿದು, ತನಗಿಂತ ಚೆನ್ನಾಗಿ ಆಡುವವನಿಗೆ ಕೊಡಬೇಕು. ಅಷ್ಟೇ ಕೆಲಸ. "ಗೋಲು ಹೊಡೆದವನನ್ನ ಹೆಗಲ ಮೇಲೆ ಹೊರ್ತಾರಲ್ಲ, ಆ ಹೊರೋ ಹೆಗಲು ನಮ್ದು," ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ. ಐದನೇ ನಂಬರಿಗೆ ಕಾಲಿನ ಜೊತೆ ಇನ್ನೊಂದು ಸಾಮಾನೂ ಬೇಕಿತ್ತು. ಅದು ಬಾಯಿ.

ಪಂದ್ಯದ ಹಿಂದಿನ ದಿನ ಕೋಚ್ ಇವರನ್ನು ಪಕ್ಕಕ್ಕೆ ಕರೆದು ಎದುರಾಳಿಗಳ ಮನೆ ಸುದ್ದಿ ಕೊಡುತ್ತಿದ್ದರು. ಯಾರ ಹೆಂಡತಿ ತವರಿಗೆ ಹೋಗಿದ್ದಾಳೆ, ಯಾರ ತಾಯಿ ಹಾಸಿಗೆ ಹಿಡಿದಿದ್ದಾಳೆ, ಹೀಗೆ. ಮೈದಾನದಲ್ಲಿ ಸೆಲ್ಮೊ ಆ ಆಟಗಾರನ ಬೆನ್ನಿಗೆ ಅಂಟಿಕೊಂಡು ಕಿವಿಯಲ್ಲಿ ಅದನ್ನೇ ಊದುತ್ತಿದ್ದರು. ಅವನು ರೊಚ್ಚಿಗೆದ್ದು ಕೈ ಎತ್ತಿದರೆ ಅವನಿಗೇ ಕೆಂಪು ಕಾರ್ಡು. ಸಾವಿರಾರು ಜನರ ಗದ್ದಲದಲ್ಲಿ ಆಡಿದ್ದು ಯಾರಿಗೂ ಕೇಳುತ್ತಿರಲಿಲ್ಲ. ಒಮ್ಮೆ ಹತ್ತನೇ ನಂಬರಿನ ಒಬ್ಬ ಎಳೆಯ ಹುಡುಗ ಅಪ್ಪ ತೀರಿಕೊಂಡ ವಾರದಲ್ಲೇ ಆಡಲು ಬಂದಿದ್ದ. ಸೆಲ್ಮೊ ಅವನ ಕಿವಿಯಲ್ಲಿ ಅಪ್ಪನ ವಿಷಯವೆತ್ತಿದರು. ಹುಡುಗ ಕೈ ಎತ್ತಲಿಲ್ಲ. ಓಡುವುದನ್ನು ನಿಲ್ಲಿಸಿ ಸುಮ್ಮನೆ ನಿಂತುಬಿಟ್ಟ. ಆ ಗಳಿಗೆಯಲ್ಲೇ ಇವರ ತಂಡ ಗೋಲು ಹೊಡೆಯಿತು.

"ಕೋಚ್ ನನ್ನ ತಬ್ಕೊಂಡ್ರು. ಅವತ್ತು ನಂಗೆ ಒಳ್ಳೆ ನಿದ್ದೆ ಬಂತು," ಎನ್ನುತ್ತಾರೆ ಸೆಲ್ಮೊ. "ಅದು ನನ್ನ ಕಸುಬು ಅಂತ್ಲೇ ಅಂದ್ಕೊಂಡಿದ್ದೆ. ನಾಚಿಕೆ ಅನ್ನೋದು ಹತ್ರನೂ ಸುಳಿದಿರ್ಲಿಲ್ಲ."

ನಾಚಿಕೆ ಬರುವುದಿರಲಿ, ಅದನ್ನವರು ಕಥೆ ಮಾಡಿ ಹೇಳುತ್ತಿದ್ದರು. ಕಳೆದ ಚಳಿಗಾಲದಲ್ಲಿ ಆ ಕಥೆಗೆ ಸಿಕ್ಕ ಕಿವಿ ಸಂಪ್ರೀತಾರ ಮಗಳು ಶ್ರೇಯಾಳದು. ಹನ್ನೊಂದು ವರ್ಷದ ಹುಡುಗಿ, ಗುಂಪಿನಲ್ಲೇ ಸಣ್ಣವಳು. ಹುಡುಗರು ಭುಜ ತಾಗಿಸಿದರೆ ಉರುಳಿ ಬೀಳುತ್ತಿದ್ದಳು, ಆದರೂ ಚೆಂಡು ಬಿಡುತ್ತಿರಲಿಲ್ಲ. ಸೆಲ್ಮೊಗೆ ಅವಳಲ್ಲಿ ಐದನೇ ನಂಬರು ಕಂಡಿತು. ಆಟ ಮುಗಿದ ಮೇಲೆ ಚೆಂಡುಗಳನ್ನು ಚೀಲಕ್ಕೆ ತುಂಬುತ್ತಾ ಹತ್ತನೇ ನಂಬರಿನ ಹುಡುಗನ ಕಥೆಯನ್ನು ನಗುನಗುತ್ತಾ ಹೇಳಿದರು. ಮೈದಾನದ ಮಾತು ಮೈದಾನದಲ್ಲೇ ಇರಬೇಕು, ಆಟಗಾರರು ಅದನ್ನು ಹೊರಗೆ ಒಯ್ಯುವುದಿಲ್ಲ ಎಂದೂ ಸೇರಿಸಿದರು. ಅವಳು ಕಣ್ಣರಳಿಸಿ ಕೇಳಿದಳು.

ಫೆಬ್ರವರಿಯಲ್ಲಿ ಹಿಮ ಕರಗಿ ಬಿಸಿಲು ಬಂದ ಒಂದು ಶನಿವಾರ. ಬೇರೆ ಕ್ಲಬ್ಬಿನ ಜೊತೆ ಆಡುವಂತಿರಲಿಲ್ಲ, ಹಾಗಾಗಿ ಮಕ್ಕಳನ್ನೇ ಎರಡು ತಂಡ ಮಾಡಿ ಪಂದ್ಯ ಆಡಿಸುತ್ತಿದ್ದರು. ಶ್ರೇಯಾಳ ಎದುರು ತಂಡದಲ್ಲಿ ಅವಳದೇ ತರಗತಿಯ ಯೂಪ್ ಇದ್ದ. ಅವನ ಅಜ್ಜಿ ಜನವರಿಯಲ್ಲಿ ವೃದ್ಧಾಶ್ರಮದಲ್ಲಿ ಕೊರೊನಾದಿಂದ ತೀರಿಕೊಂಡಿದ್ದರು. ಮೊಮ್ಮಕ್ಕಳು ಅಂತ್ಯಸಂಸ್ಕಾರ ನೋಡಿದ್ದು ಲ್ಯಾಪ್‌ಟಾಪ್ ಪರದೆಯಲ್ಲಿ. ಯೂಪ್ ಚೆಂಡು ತಳ್ಳಿಕೊಂಡು ಗೋಲಿನತ್ತ ನುಗ್ಗುತ್ತಿದ್ದ. ಶ್ರೇಯಾ ಅವನ ಪಕ್ಕದಲ್ಲೇ ಓಡುತ್ತಾ ಹೇಳಿದಳು: "ನಿನ್ನ ಅಜ್ಜಿ ಒಬ್ಳೇ ಸತ್ಳು. ನೀನು ಹೋಗ್ಲೇ ಇಲ್ಲ."

ಮೈದಾನದ ಅಂಚಿನಲ್ಲಿ ಕೂಗುವ ಅಪ್ಪ ಅಮ್ಮಂದಿರಿಲ್ಲ, ಕ್ಯಾಂಟೀನು ಮುಚ್ಚಿದೆ. ಆ ಮಾತು ಬೇಲಿಯ ಆಚೆಗೂ ಕೇಳಿಸಿತು. ಯೂಪ್ ನಿಂತುಬಿಟ್ಟ. ಶ್ರೇಯಾ ಚೆಂಡು ಕಸಿದು ಮುಂದಿನವಳಿಗೆ ಕೊಟ್ಟಳು, ಗೋಲಾಯಿತು. ಅವಳು ಗೋಲಿನ ಕಡೆ ನೋಡಲೇ ಇಲ್ಲ. ತಿರುಗಿ ಸೆಲ್ಮೊ ಮುಖ ನೋಡಿ ಹೆಬ್ಬೆರಳು ಎತ್ತಿದಳು. ಶಹಬ್ಬಾಸ್ ಅನ್ನುತ್ತಾರೆಂದು ಕಾದಳು.

"ನಾನು ನೆಲ ನೋಡ್ದೆ," ಎನ್ನುತ್ತಾರೆ ಸೆಲ್ಮೊ. "ಅದೇ ನನ್ನ ಎರಡನೇ ತಪ್ಪು. ಬಾಯಿ ಬೇಡದ ಕಡೆ ಅಷ್ಟು ಆಡಿದವನು, ಬೇಕಾದ ಕಡೆ ಮುಚ್ಕೊಂಡೆ."

ಬೈಗುಳವೆಲ್ಲ ಹುಡುಗಿಯ ಪಾಲಾಯಿತು. ಬೇಲಿಯಾಚೆ ನಿಂತಿದ್ದ ಸಂಪ್ರೀತಾರಿಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮಗಳನ್ನು ಅಲ್ಲಿಂದಲೇ ಎಳೆದುಕೊಂಡು ಯೂಪ್ ಮನೆ ಬಾಗಿಲಿಗೆ ಹೋಗಿ, ದೂರ ನಿಲ್ಲಿಸಿ ಕ್ಷಮೆ ಕೇಳಿಸಿದರು. ಕ್ಲಬ್ಬು ಬಿಡಿಸಿದರು. ಆಗಷ್ಟೇ ಮತ್ತೆ ತೆರೆದಿದ್ದ ಶಾಲೆಯಲ್ಲಿ ತರಗತಿಯ ಮಕ್ಕಳು ಅವಳ ಪಕ್ಕ ಕೂರುವುದನ್ನು ಬಿಟ್ಟರು. ಇಂಥ ಮಾತು ಯಾರು ಕಲಿಸಿದ್ದೆಂದು ಅಲ್ಲಿ ಕೇಳಿದಾಗ ಶ್ರೇಯಾ ಯಾರೂ ಇಲ್ಲ ಎಂದಳಂತೆ. ಈ ಸುದ್ದಿ ಕ್ಲಬ್ಬಿಗೂ ಬಂತು, ಸೆಲ್ಮೊ ಕಿವಿಗೂ ಬಿತ್ತು. ಆಗಲೂ ಅವರು ಬಾಯಿ ಬಿಡಲಿಲ್ಲ. ಹೇಳಿದರೆ ಮಕ್ಕಳ ಸಹವಾಸ ಹೋಗುತ್ತದೆ, ಅದೊಂದು ಬಿಟ್ಟರೆ ಅವರಿಗೆ ಇಲ್ಲಿ ಯಾರಿದ್ದಾರೆ. ಹಾಗೆ ಮೂರು ವಾರ ಕಳೆದವು. ಆ ಮೂರು ವಾರ ಅವರು ಮಕ್ಕಳಿಗೆ ಕೈತೊಳೆಯುವ ದ್ರವ ಹಾಕುವಾಗ ತಲೆ ಎತ್ತಲಿಲ್ಲ. ಕೊನೆಯ ಕೈಯಾಗಿ ಬರುತ್ತಿದ್ದದ್ದು ಶ್ರೇಯಾಳದು, ಈಗ ಅದು ಇರಲಿಲ್ಲ.

ಒಂದು ಶನಿವಾರ ಮಕ್ಕಳೆಲ್ಲ ಹೋದ ಮೇಲೆ ಕೆಸರು ಬೂಟಿನಲ್ಲೇ ಸಂಪ್ರೀತಾರ ಫ್ಲ್ಯಾಟಿಗೆ ಹೋದರು. ಬೂಟು ಬಿಚ್ಚಿ ಕಾರಿಡಾರಿನಲ್ಲೇ ನಿಂತರು. ಒಳಗೆ ಕರೆದರೂ ಹೋಗಲಿಲ್ಲ. ಹತ್ತನೇ ನಂಬರಿನ ಹುಡುಗನಿಂದ ಶುರು ಮಾಡಿ ಎಲ್ಲವನ್ನೂ ಹೇಳಿದರು. ಈ ಸಲ ನಗಲಿಲ್ಲ.

"ನಂಗೆ ಸಿಟ್ಟು ಬಂದದ್ದು ಹೌದು," ಎನ್ನುತ್ತಾರೆ ಸಂಪ್ರೀತಾ. "ಬಾಗಿಲು ಹಾಕ್ಲಿಕ್ಕೆ ಹೋದೆ. ಮತ್ತೆ ಅನ್ನಿಸ್ತು, ನಾನಾದ್ರೂ ಎಂತ ಮಾಡಿದ್ದು? ಎಲ್ಲಿಂದ ಕಲ್ತೆ ಅಂತ ಮಗಳತ್ರ ಒಂದು ಮಾತು ಕೇಳ್ಲಿಲ್ಲ. ನಮ್ಮ ಮನೆ ಮರ್ಯಾದೆ ಹೋಯ್ತು, ಮರ್ಯಾದೆ ಹೋಯ್ತು, ಇದೇ ಆಯ್ತು ನಂದು. ಅವ್ಳ ಮುಖ ನೋಡ್ಲಿಕ್ಕೆ ನಂಗೇ ನಾಚಿಕೆ ಆಯ್ತು."

ಅಮ್ಮನ ಬೆನ್ನ ಹಿಂದೆ ನಿಂತಿದ್ದ ಶ್ರೇಯಾ ಅಳುತ್ತಿರಲಿಲ್ಲ. ಅವಳಿಗೆ ಬಂದದ್ದು ಕೋಪ. ಡಚ್ಚಿನಲ್ಲೇ ಕೇಳಿದಳು: "ನಾನು ಯಾರಿಗೂ ಹೇಳ್ಲಿಲ್ಲ. ನೀವ್ಯಾಕೆ ಹೇಳಿದ್ರಿ? ಮೈದಾನದ ಮಾತು ಹೊರಗೆ ಒಯ್ಯಬಾರ್ದು ಅಂದಿದ್ರಲ್ಲ." ಸೆಲ್ಮೊ ಗೋಡೆಗೆ ಕೈ ಊರಿದರು. ತಮ್ಮ ಮಾತಿನಂತೆ ಇಷ್ಟು ನಿಷ್ಠೆಯಿಂದ ನಡೆದವರು ಅವರ ಜೀವಮಾನದಲ್ಲಿ ಈ ಹುಡುಗಿ ಒಬ್ಬಳೇ. ಆದರೆ ಆ ಮಾತೇ ಅಂಥದ್ದು. "ಅದೂ ತಪ್ಪು ಮಾತು, ಶ್ರೇಯಾ," ಎಂದಷ್ಟೇ ಹೇಳಲು ಅವರಿಂದಾಯಿತು.

ಕ್ಲಬ್ಬಿನವರಿಗೂ ಅವರೇ ಹೋಗಿ ಹೇಳಿದರು. ಮೈದಾನದ ಕೆಲಸ ಉಳಿಯಿತು, ಮಕ್ಕಳಿಗೆ ಕಲಿಸುವುದು ಹೋಯಿತು. ಅದು ನ್ಯಾಯವೇ ಎನ್ನುತ್ತಾರೆ. ಶ್ರೇಯಾ ಏಪ್ರಿಲ್‌ನಲ್ಲಿ ಮತ್ತೆ ಆಡಲು ಬಂದಳು. ಅವಳ ತಂಡಕ್ಕೀಗ ಬೇರೆ ತರಬೇತುದಾರರಿದ್ದಾರೆ. ಸೆಲ್ಮೊ ಅವಳ ಜೆರ್ಸಿ ಒಗೆಯುತ್ತಾರೆ, ಗೇಟಿನಲ್ಲಿ ಕಂಡರೆ ಅವಳೇ ಮೊದಲು ತಲೆಯಾಡಿಸುತ್ತಾಳೆ.

ಉಳಿದಿದ್ದು ಯೂಪ್‌ನ ಮನೆ. ಅಲ್ಲಿಗೆ ಹೋಗಲು ಅವರಿಗೆ ಇನ್ನೂ ಒಂದು ವಾರ ಬೇಕಾಯಿತು. ಹುಡುಗ ಬಾಗಿಲಲ್ಲಿ ನಿಂತು ಕೊನೆಯವರೆಗೂ ಕೇಳಿಸಿಕೊಂಡ. ಆಮೇಲೆ ಆ ಹತ್ತನೇ ನಂಬರಿನವನ ಹೆಸರೇನೆಂದು ಕೇಳಿದ. ಸೆಲ್ಮೊಗೆ ಅವನು ಎಡಗಾಲಿನ ಆಟಗಾರ ಎಂದು ಗೊತ್ತಿತ್ತು. ಅಪ್ಪ ಸತ್ತದ್ದು ಮಂಗಳವಾರ ಎಂದೂ ಗೊತ್ತಿತ್ತು. ಹೆಸರು ಗೊತ್ತಿರಲಿಲ್ಲ. ಇಷ್ಟು ವರ್ಷ ಆ ಕಥೆ ಹೇಳಿದ್ದರು, ಹೆಸರು ಬೇಕೆಂದು ಒಂದು ದಿನವೂ ಅನ್ನಿಸಿರಲಿಲ್ಲ.

"ನಮ್ಮ ಅಜ್ಜಿ ಹೆಸ್ರೂ ನೀವು ಕೇಳ್ಲಿಲ್ಲ," ಎಂದ ಯೂಪ್.

ಆಸೆ ಏನಾದರೂ ಇದೆಯೇ ಎಂದು ಇಂಥ ಲೇಖನದ ಕೊನೆಯಲ್ಲಿ ಕೇಳುವುದುಂಟು. ಸೆಲ್ಮೊಗೂ ಕೇಳಿದ್ದಾಯಿತು. "ಆಸೆಗೀಸೆ ಇರ್ಲಿ," ಎಂದರು. "ಆ ಅಜ್ಜಿ ಹೆಸರು ಹೆಂಡ್ರಿಕಾ. ಕೇಳಿ ತಿಳ್ಕೊಂಡಿದೀನಿ. ಬರೀತೀರಲ್ಲ, ಅದನ್ನ ತಪ್ಪಿಲ್ದೆ ಬರೀರಿ."