ಗೋಡೆಯ ಸಾಕೆಟ್ಟಿಗೆ ಹಾಕಿದ ಪ್ಲಗ್ಗು

ಆ ಪ್ಲಗ್ಗು ಕಿತ್ತವಳು ನಾನು, ಚಂದ್ರು. ಬೇಕೆಂದೇ ಕಿತ್ತೆ.

ನಿನ್ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ — ಅದನ್ನು ಮುಚ್ಚಿಟ್ಟರೆ ಇದೂ ಇನ್ನೊಂದು ಸುಳ್ಳಾಗುತ್ತದೆ. ಭೇರ್ಯದ ಹತ್ತಿರದ ಆ ಖಾಸಗಿ ಡೇರಿಯಲ್ಲಿ ಕಂಪ್ಯೂಟರ್ ಮುಂದೆ ಕೂತು ಹಾಲಿನ ಟ್ಯಾಂಕು ತಂಪಾಗಿದೆಯೇ ಎಂದು ನೋಡುತ್ತಿದ್ದವಳು ನಾನೊಬ್ಬಳೇ. ಆ ಕುರ್ಚಿಯಿಂದಲೇ ಊರಿನವರು ನನ್ನನ್ನು ಮೇಡಂ ಅನ್ನುತ್ತಿದ್ದರು. ಆಗ ಡೇರಿಯ ಮೈಸೂರು ಕಚೇರಿಯವರು ಎಲೆಕ್ಟ್ರಿಷಿಯನ್ ಆಗಿದ್ದ ನಿನ್ನ ಕೈಲಿ ಒಂದು ಕಪ್ಪು ಡಬ್ಬಿ ಕಳಿಸಿದರು. ನನ್ನ ಮಾನಿಟರು, ಕೀಬೋರ್ಡು, ಮೌಸುಗಳ ಕೇಬಲ್ ಬಿಚ್ಚಿ ನೀನು ಅದಕ್ಕೆ ಸಿಕ್ಕಿಸಿದೆ. ಅಲ್ಲಿಂದ ಕಂಪ್ಯೂಟರಿಗೊಂದು ವೈರು, ಟೆಲಿಫೋನ್ ಲೈನಿಗೊಂದು. ಡಬ್ಬಿಯ ಅಡಾಪ್ಟರನ್ನು ಯುಪಿಎಸ್‌ಗೆ ಹಾಕಿದೆ, ಕರೆಂಟು ಹೋದರೂ ಅದು ನಿಲ್ಲಬಾರದೆಂದು. ಅಲ್ಲಿಗೆ ನನ್ನ ಪರದೆ ಮೈಸೂರಿನಲ್ಲೂ ಕಾಣುವಂತಾಯಿತು. ನೀನು ಎದ್ದು ಕೈ ಒರೆಸಿಕೊಳ್ಳುತ್ತಾ, ಹಾಲು ಹಾಕಲು ಬಂದ ಹೆಂಗಸರಿಗೆಲ್ಲ ಕೇಳುವಂತೆ ಅಂದೆ:

“ಇನ್ಮ್ಯಾಲೆ ಮಂಜುಳಮ್ಮ ತೂಕಡಿಸಿದ್ರೂ ಚಿಂತೆ ಇಲ್ಲ ಕಣ್ರವ್ವ. ಮೈಸೂರಿಂದ್ಲೇ ನೋಡ್ಕತಾರೆ. ಇವ್ರು ಇದ್ರೂ ಒಂದೇ, ಇಲ್ದಿದ್ರೂ ಒಂದೇ.”

ಅವರು ನಕ್ಕರು. ಆ ನಗು —

ಶನಿವಾರ ಮನೆಗೆ ಹೊರಡುವ ಮುಂಚೆ ನಾನು ಅಡಾಪ್ಟರನ್ನು ಯುಪಿಎಸ್‌ನಿಂದ ಕಿತ್ತು ಗೋಡೆಯ ಸಾಕೆಟ್ಟಿಗೆ ಹಾಕಿದೆ. ಕರೆಂಟು ಹೋದೊಡನೆ ಡಬ್ಬಿ ಸಾಯಲಿ, ಮೈಸೂರಿನವರು ನಿನಗೆ ಚೆನ್ನಾಗಿ ಉಗಿಯಲಿ. ಅಷ್ಟೇ ಬೇಕಿತ್ತು. ಅಷ್ಟೇ — ಎಂದು ಎಷ್ಟು ವರ್ಷ ಹೇಳಿಕೊಂಡೆನೋ.

ಭಾನುವಾರ ನನಗೆ ರಜೆ. ಬೆಳಗಿನ ಹಾಲು ಟ್ಯಾಂಕಿಗೆ ಬಿದ್ದು ಎಲ್ಲರೂ ಹೋದ ಮೇಲೆ ಕರೆಂಟು ಹೋಯಿತು. ತಾನಾಗಿಯೇ ಶುರುವಾಗಬೇಕಿದ್ದ ಜನರೇಟರ್ ಶುರುವಾಗಲಿಲ್ಲ. ಪರದೆ ಕಾಣುತ್ತಿದ್ದರೆ ಮೈಸೂರಿನವರು ಯಾರನ್ನಾದರೂ ಓಡಿಸುತ್ತಿದ್ದರು. ಕಾಣಲಿಲ್ಲ, ಟೆಲಿಫೋನ್ ಲೈನ್ ಕೆಟ್ಟಿದೆ ಅಂದುಕೊಂಡು ಸುಮ್ಮನಾದರು. ಸಂಜೆಗೆ ಹಾಲೆಲ್ಲ ಒಡೆದಿತ್ತು, ಚರಂಡಿಗೆ ಬಿಟ್ಟರು. ಹಾಲು ಹಾಕಿದವರಿಗೆ ಅದರ ದುಡ್ಡು ಕೊಡಲಿಲ್ಲ.

ಮರುದಿನ ಮ್ಯಾನೇಜರು ಗೋಡೆಯಲ್ಲಿದ್ದ ಪ್ಲಗ್ಗನ್ನು ತೋರಿಸಿ ನಿನ್ನನ್ನು ಕೇಳಿದರು. ನೀನು ನನ್ನ ಕಡೆ ತಿರುಗಿದೆ. ಮೊದಲ ಸಲ ನಿನ್ನ ದನಿ ಕುಗ್ಗಿತ್ತು.

“ಯುಪಿಎಸ್‌ಗೇ ಆಕಿದ್ದೆ ಸಾರ್. ಮಂಜುಳಮ್ಮ, ನೀವು ಪಕ್ಕದಲ್ಲೇ ಇದ್ರಲ್ಲ... ಯೋಳಿ.”

“ನಾನು ನೋಡ್ಲಿಲ್ಲ,” ಅಂದೆ.

ಬಾಗಿಲಲ್ಲಿದ್ದ, ದಿನಾ ಹಾಲು ಹಾಕುತ್ತಿದ್ದ ನಿಂಗಮ್ಮ ಖಾಲಿ ಕ್ಯಾನನ್ನು ನಿನ್ನ ಕಾಲ ಬುಡಕ್ಕೆ ಎಸೆದಳು. “ನಮ್ ಆಲ್ಗೆ ಮಣ್ಣಾಕ್ಬುಟ್ಟಲ್ಲೋ! ನಿನ್ ಮನೆ ಆಳಾಗ!”

ನನಗೆ ಖುಷಿಯಾಯಿತು. ಇದನ್ನೂ ಹೇಳಬೇಕು — ಆ ಕ್ಷಣ ಖುಷಿಯೇ ಆಯಿತು.

ನಿನ್ನನ್ನು ಅಂದೇ ತೆಗೆದರು. ಆಮೇಲೆ ಕೆ.ಆರ್. ನಗರದ ಕಡೆ ಒಂದು ಬಲ್ಬು ಹಾಕಲೂ ನಿನ್ನನ್ನು ಯಾರೂ ಕರೆಯಲಿಲ್ಲವಂತೆ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಊರು ಬಿಟ್ಟೆಯಂತೆ. ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಆ ಡಬ್ಬಿಯನ್ನು ಒರೆಸಿಕೊಂಡು ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತೆ.

ಮೊನ್ನೆ ನಿಂಗಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಆಕೆಗೀಗ ಕಣ್ಣು ಮಂಜು.

“ಸುಮ್ ಸುಮ್ನೆ ಆ ಮಗೀಗೆ ಶಾಪ ಆಕ್ಬುಟ್ನಲ್ಲೇ,” ಅಂದಳು. ಆಮೇಲೆ, “ಏಳು. ಓಗು ಇಲ್ಲಿಂದ.”

ಎದ್ದು ಬಂದೆ. ನೀನು ನನ್ನನ್ನು ಕ್ಷಮಿಸಬೇಡ. ನಿನ್ನಿಂದ ಅದನ್ನು ಪಡೆಯಲು ನನಗೆ ಮನಸ್ಸೂ ಇಲ್ಲ, ಯೋಗ್ಯತೆಯೂ ಇಲ್ಲ. ಆ ದಿನ ಹಾಲು ಕಳೆದುಕೊಂಡವರ ಮನೆಗಳು ಇನ್ನೂ ಇವೆ. ಒಂದೊಂದಕ್ಕೂ ಹೋಗಿ ಇದನ್ನೇ ಹೇಳುತ್ತೇನೆ. ಎಲ್ಲ ಕಡೆಯೂ ಎದ್ದು ಹೋಗು ಅನ್ನಲಿ.