ಗಂಜಿ ಹಾಕಿ ನಿಲ್ಲಿಸಿದ ಅಜ್ಜಿ

ಚೆಲುವಯ್ಯ ಯಾರನ್ನೇ ಕಂಡರೂ ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಬಟ್ಟೆಯ ಮೂಲೆಯನ್ನು. ಚಿತ್ರಶಾಲೆಗೆ ಸೇರಿದ ಮೊದಲ ದಿನ ನಾನು ಹೊಸ ಪೆನ್ಸಿಲ್ ಡಬ್ಬಿ ಹಿಡಿದು, ದೊಡ್ಡ ಕಲಾವಿದನ ಗತ್ತಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಪಕ್ಕಕ್ಕೆ ಬಂದು ಕೂತ ಸಣಕಲು ಹುಡುಗ ಹೆಸರು ಕೇಳುವುದು ಬಿಟ್ಟು ನನ್ನ ಪಂಚೆಯ ತುದಿಯನ್ನು ಬೆರಳಿನಿಂದ ಮಗುಚಿ ನೋಡಿದ. ನೋಡಿದವನು ತಟ್ಟನೆ ಕೈಬಿಟ್ಟ. ಆಮೇಲೆ ಮೆಲ್ಲಗೆ, "ಮನೆ ಲಷ್ಕರ್ ಮೊಹಲ್ಲಾದಲ್ಲಾ? ಬೆಲ್ಲದ ಮಂಡಿಯೋರಾ?" ಅಂದ. ನನಗೆ ಕೋಪವೂ ಬಂತು, ಇವನು ಕಣಿ ಹೇಳುವವನೇನೋ ಎಂದು ದಿಗಿಲೂ ಆಯಿತು.

ಕಣಿಯೂ ಇಲ್ಲ, ಮಂತ್ರವೂ ಇಲ್ಲ. ಅವನ ಮನೆಯವರು ಮಡಿವಾಳರು. ಶ್ರೀರಾಂಪುರದ ಆಚೆ, ಕೆರೆಯ ಹತ್ತಿರ ಅವರ ವಾಸ. ಹತ್ತಾರು ಮನೆಯ ಬಟ್ಟೆ ಒಟ್ಟಿಗೆ ಒಗೆಯುವಾಗ ಬೆರಕೆಯಾಗಬಾರದೆಂದು ಗೇರುಕಾಯಿಯ ಕಪ್ಪು ರಸದಲ್ಲಿ ಒಂದೊಂದು ಮನೆಗೆ ಒಂದೊಂದು ಗುರುತು ಹಾಕುತ್ತಿದ್ದರು. ಬಟ್ಟೆ ಹರಿದುಹೋದರೂ ಆ ಕಪ್ಪು ಹೋಗುವುದಿಲ್ಲ. ನಮ್ಮ ಮನೆಯದು ಒಂದು ಗೀಟು, ಅದರ ಕೆಳಗೆ ಎರಡು ಚುಕ್ಕೆ. ಅಗಸರು ಬದಲಾದಾಗಲೂ ಹೊಸಬ ಹಳಬನ ಗುರುತನ್ನೇ ಮುಂದುವರಿಸಿದ್ದ. "ನಿಮ್ಮ ಮನೆಯ ಗುರುತು ಯಾವುದು?" ಎಂದು ಒಮ್ಮೆ ಕೇಳಿದೆ. ಚೆಲುವ ನಕ್ಕುಬಿಟ್ಟ. "ನಮ್ಗ್ಯಾಕ್ರೀ ಗುರುತು? ನಾವು ಉಡೋದೆಲ್ಲ ನಿಮ್ಮಂಥೋರ ಬಟ್ಟೇನೇ. ಒಗೆದ ಮೇಲೆ, ಕೊಡೋಕ್ ಮುಂಚೆ, ಮಧ್ಯ ಎರಡು ದಿನ ನಮ್ದು."

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮ ಶಾಲೆಯಲ್ಲಿ ಎಲ್ಲರೂ ಜೇಡಿಮಣ್ಣಿನಲ್ಲಿ ದೇಶಭಕ್ತರ ತಲೆ ಮಾಡುತ್ತಿದ್ದ ಕಾಲ. ನಾನು ಮಾಡಿದ ತಲೆಗಳಂತೂ ದೇಶಭಕ್ತರಿಗಿಂತ ಹೆಚ್ಚಾಗಿ ನಮ್ಮ ಮಂಡಿಯ ಗುಮಾಸ್ತರನ್ನು ಹೋಲುತ್ತಿದ್ದವು. ಚೆಲುವನ ಕೈ ಮಣ್ಣಿಗೆ ಹತ್ತುತ್ತಲೇ ಇರಲಿಲ್ಲ. "ಮಣ್ಣು ಯಾರು ತಟ್ಟಿದ್ರೂ ತಟ್ಟಿಸ್ಕೊತದೆ. ಬಟ್ಟೆ ಅಂಗಲ್ಲ, ಉಟ್ಟೋರ ಮೈಯ ಮರೆಯಕಿಲ್ಲ" ಎನ್ನುವನು. ಬಿದಿರು ಹುಲ್ಲು ಕಟ್ಟಿ ಒಂದು ಆಕಾರ ನಿಲ್ಲಿಸಿ, ಅದರ ಮೇಲೆ ಹಳೆಯ ಬಟ್ಟೆಯನ್ನು ಗಟ್ಟಿ ಗಂಜಿಯಲ್ಲಿ ಅದ್ದಿ ಹೊದಿಸುತ್ತಿದ್ದ. ಒಂದೊಂದು ನಿರಿಗೆಯನ್ನೂ ತೀಡಿ ಕೂರಿಸಿ, ಬಿಸಿಲಲ್ಲಿ ಒಣಗಿಸಿ, ಮತ್ತೆ ಗಂಜಿ, ಮತ್ತೆ ಬಿಸಿಲು. ನಾಲ್ಕು ದಿನದ ನಂತರ ಒಳಗಿನ ಬಿದಿರು ಹುಲ್ಲನ್ನೆಲ್ಲ ಕೆಳಗಿನಿಂದ ಎಳೆದು ತೆಗೆಯುವನು. ಬಟ್ಟೆ ತಾನೇ ನಿಲ್ಲುತ್ತಿತ್ತು. ಒಳಗೆ ಯಾರೂ ಇಲ್ಲ, ಆದರೂ ಯಾರೋ ಇದ್ದಾರೆ ಅನಿಸುತ್ತಿತ್ತು.

ಶಿಲ್ಪದ ಮೇಷ್ಟ್ರು ಕೆಟ್ಟವರಲ್ಲ, ಆದರೆ ಇದನ್ನು ನೋಡಿ ಅವರಿಗೆ ನಗು ಬಂತು. "ಏನಯ್ಯ ಇದು, ಒಗೆದು ಒಣಗಿಸಿಟ್ಟಿದ್ದೀಯಲ್ಲ?" ಅಂದರು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಚೆಲುವ ತಲೆ ಬಗ್ಗಿಸಲಿಲ್ಲ. "ಒಗೆದಿದ್ದೂ ದಿಟ, ಒಣಗಿಸಿದ್ದೂ ದಿಟ ಸಾ. ಬಟ್ಟೆಗೆ ಗಂಜೀನೇ ಮೂಳೆ. ನಿಂತದಲ್ಲ, ಅದ ನೋಡಿ" ಅಂದ. ಮೇಷ್ಟ್ರು ಒಂದು ಸುತ್ತು ಹಾಕಿ ನೋಡಿದರು. "ಪರೀಕ್ಷೆಗೆ ಇದೇ ಇಡ್ತೀಯ? ಇಡು, ನೋಡೋಣ" ಎಂದು ಹೊರಟುಹೋದರು.

ಪರೀಕ್ಷೆಗೆ ಅವನು ಇಡಬೇಕೆಂದಿದ್ದುದು ತನ್ನ ಅಜ್ಜಿಯನ್ನು, ಅಂದರೆ ಅಪ್ಪನ ತಾಯಿಯನ್ನು. ಪ್ಲೇಗು ಬಂದ ವರ್ಷ ಆಕೆ ಸತ್ತಾಗ ಚೆಲುವನ ಅಪ್ಪ ಕೆಂಚಯ್ಯನಿಗೆ ಆರೇಳು ವರ್ಷ. ಅವನಿಗೆ ತಾಯಿಯ ಮುಖ ನೆನಪಿರಲಿಲ್ಲ. ತಲೆಯ ಮೇಲೆ ಬಟ್ಟೆಗಂಟು ಹೊತ್ತು ಪೇಟೆಯಿಂದ ಕೆರೆಗೆ ನಡೆಯುವ ತಾಯಿಯ ಬೆನ್ನು ಮಾತ್ರ ನೆನಪಿತ್ತು. ಅವನು ದಿನವೂ ಹಿಂದೆಯೇ ಓಡುತ್ತಿದ್ದನಂತೆ. ಫೋಟೋ ಎಲ್ಲಿಂದ ಬರಬೇಕು? ಅಪ್ಪ ಒಂದು ಸಲ ನೋಡಿ "ಇವಳೇ ನಮ್ಮವ್ವ" ಅನ್ನಬೇಕು, ಅದಷ್ಟೇ ಚೆಲುವನ ಆಸೆ. ಅಪ್ಪನ ಕಣ್ಣಿಗೆ ಆಗಲೇ ಪೊರೆ ಬರುತ್ತಿತ್ತು.

ಮೊದಲನೆಯದನ್ನು ಯಾವುದೋ ಬಿಳಿ ಬಟ್ಟೆಯಲ್ಲಿ ಮಾಡಿದ. ಕೆರೆಯ ದಂಡೆಯಲ್ಲಿ ನಿಲ್ಲಿಸಿದಾಗ ನಾನೂ ಇದ್ದೆ. ಕೆಂಚಯ್ಯ ಹಿಂದಿನಿಂದ ಬಹಳ ಹೊತ್ತು ನೋಡಿ, "ನಿಲ್ಲೋದೇನೋ ಅವ್ವನಂಗೇ ನಿಂತದೆ ಕಣ್ಲಾ. ಆದ್ರೆ ಅವ್ವ ಅಲ್ಲ. ಸೀರೆ ಅದಲ್ಲ" ಎಂದು ಬಟ್ಟೆ ಹಿಂಡಲು ಹೋದ. ಗಿಣಿಹಸಿರು ಒಡಲು, ಸಣ್ಣ ಚೌಕುಳಿ, ಕೆಂಪು ಅಂಚು: ಅದು ಅವನಿಗೆ ನೆನಪಿದ್ದ ಸೀರೆ. ಅಂಥದ್ದನ್ನು ನೇಯುವುದೇ ನಿಂತುಹೋಗಿತ್ತು.

"ಆ ಸೀರೆ ಏನಾಯಿತು?" ಎಂದು ಚೆಲುವನನ್ನು ಕೇಳಿದೆ.

"ಅದ್ರಲ್ಲೇ ಸತ್ಲು. ಅದ್ರಲ್ಲೇ ಮಣ್ಣು ಮಾಡಿದ್ರು."

"ಯಾರ ಮನೆಯದು?"

ಚೆಲುವ ನನ್ನ ಪಂಚೆಯ ಮೂಲೆಯನ್ನು ಹಿಡಿದು ಮಗುಚಿದ. ಒಂದು ಗೀಟು, ಎರಡು ಚುಕ್ಕೆ.

ಪ್ಲೇಗಿಗೆ ಹೆದರಿ ನಮ್ಮ ಮನೆಯವರು ಇಲವಾಲದ ನೆಂಟರಲ್ಲಿಗೆ ಹೋಗಿದ್ದರಂತೆ. ಹೋಗುವಾಗ ಒಂದು ಗಂಟು ಮೈಲಿಗೆ ಬಟ್ಟೆಯನ್ನು ಅಗಸರಿಗೆ ಹಾಕಿದ್ದರು. ಕೆರೆಯ ಪಕ್ಕದ ಗುಡಿಸಲಲ್ಲಿ ಚೆಲುವನ ಅಜ್ಜಿಗೆ ಪ್ಲೇಗಿನ ಗೆಡ್ಡೆ ಕಟ್ಟಿದಾಗ ಮೈಮೇಲೆ ಇದ್ದುದು ನನ್ನ ಅಜ್ಜಿಯ ಸೀರೆ. ಊರು ತಿಳಿಯಾಗಿ ನಮ್ಮವರು ಮರಳಿದಾಗ ಒಂದು ಸೀರೆ ಕಮ್ಮಿ. ಚೆಲುವನ ತಾತ ಬಾಯಿ ಬಿಡಲಿಲ್ಲ. ಹೆಂಡತಿ ಉಟ್ಟು ಸತ್ತಳು ಎಂದರೆ ನಿಮ್ಮ ಬಟ್ಟೆ ಪ್ಲೇಗಿನ ಗುಡಿಸಲಲ್ಲಿತ್ತು ಎಂದಂತೆ. ಅದು ತಿಳಿದರೆ ಆಮೇಲೆ ಯಾವ ಮನೆಯವರೂ ಒಂದು ಕೈವಸ್ತ್ರವನ್ನೂ ಕೊಡುತ್ತಿರಲಿಲ್ಲ. ಅದಕ್ಕಿಂತ ಕಳ್ಳ ಅನಿಸಿಕೊಳ್ಳುವುದೇ ಮೇಲು ಎಂದು ಸುಮ್ಮನಿದ್ದ. ನಮ್ಮ ಮನೆ ತಪ್ಪಿತು, ಉಳಿದ ಮನೆಗಳು ಉಳಿದವು. ಸಾಯುವವರೆಗೂ ಆ ಹೆಸರು ಹೊತ್ತಿದ್ದ. ಚೆಲುವನಿಗೆ ಇದು ಮೊದಲ ದಿನವೇ ಗೊತ್ತಿತ್ತು. ಮೂರು ವರ್ಷ ನನ್ನ ಪಕ್ಕ ಕೂತು, ನನ್ನ ಬುತ್ತಿಯಲ್ಲಿ ಪಾಲು ತಿಂದು, ಇದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

ನನ್ನ ಅಜ್ಜಿ ಆಗ ಎಪ್ಪತ್ತೈದು ದಾಟಿದ ಮುದುಕಿ. ಶರಣರಲ್ಲಿ ಮಡಿವಾಳರೂ ಇದ್ದರೆಂದು ಹೇಳಿ ಕೈಮುಗಿಯುತ್ತಿದ್ದಳು. ಮನೆಯ ಅಗಸರನ್ನು ಮಾತ್ರ ಹಿತ್ತಲ ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಬತ್ತಿ ಹೊಸೆಯುತ್ತ ಕೂತಿದ್ದವಳನ್ನು, ಹಸಿರು ಸೀರೆ ಕಳೆದಿತ್ತಂತೆ ಎಂದು ಕೇಳಿದೆ. "ಕಳೆದಿದ್ದಲ್ಲ, ಆ ಅಗಸ ಕದ್ದಿದ್ದು" ಅಂದಳು. ನಾನು ಎಲ್ಲ ಹೇಳಿದೆ. ಅವಳ ತೊಡೆಯ ಮೇಲೆ ಬತ್ತಿ ಅರ್ಧಕ್ಕೇ ನಿಂತಿತು.

"ಕಳ್ಳ ಅಂದುಬಿಟ್ಟೆ ಕಣೋ ಶಿವಣ್ಣ. ಹೆಂಡತಿ ಸತ್ತವನನ್ನ ಬೀದಿಯಲ್ಲಿ ನಿಲ್ಲಿಸಿ ಅಂದೆ. ಅವಳ ಹೆಸರೇನೋ?"

ನಾನು ಕೇಳಿರಲಿಲ್ಲ.

"ನನಗೂ ಗೊತ್ತಿಲ್ಲ. ವಾರಕ್ಕೆರಡು ಸಲ ಹಿತ್ತಲಿಗೆ ಬರ್ತಿದ್ದಳು. ನನ್ನ ವಾರಗೆಯವಳೇ."

ಅವತ್ತು ಅಜ್ಜಿ ಊಟ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಟ್ರಂಕಿನ ತಳದಿಂದ ಒಂದು ಸೀರೆ ತೆಗೆದು ನನ್ನ ಕೈಗಿಟ್ಟಳು. ಗಿಣಿಹಸಿರು, ಚೌಕುಳಿ, ಕೆಂಪು ಅಂಚು. ಮೂಲೆಯಲ್ಲಿ ನಮ್ಮ ಗುರುತು, ಚೆಲುವನ ತಾತ ಹಾಕಿದ್ದೇ. "ಒಂದೇ ಹಾಸಿನಲ್ಲಿ ನೇಯ್ದ ಜೋಡಿ. ಒಂದು ಅವಳ ಜೊತೆ ಹೋಯಿತು. ಇದೂ ಅಲ್ಲಿಗೇ ಹೋಗಲಿ" ಅಂದಳು.

ಚೆಲುವ ಅದನ್ನು ಕತ್ತರಿಸಲಿಲ್ಲ, ಒಂದು ಹೊಲಿಗೆ ಹಾಕಲಿಲ್ಲ. ಪರೀಕ್ಷೆಗೆ ಎರಡು ದಿನವಿರುವಾಗ ಕೆಲಸ ಮುಗಿಯಿತು. ಕೆರೆಯ ದಂಡೆಯ ಮೇಲೆ ಬೆನ್ನು ತಿರುಗಿಸಿ ನಿಂತ ಹೆಂಗಸು. ತಲೆಯ ಮೇಲೆ ಗಂಟು, ಭಾರಕ್ಕೆ ಒಂದು ಕಡೆ ವಾಲಿದ ಸೊಂಟ, ಎತ್ತಿ ಕಟ್ಟಿದ ನಿರಿಗೆ. ಮುಖವಿಲ್ಲ. ಮುಖದ ಜಾಗದಲ್ಲಿ ಸೆರಗಿನ ಮರೆ, ಅದರೊಳಗೆ ಖಾಲಿ. ನಾನು ಆಮೇಲೆ ನಲವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ಊರೂರು ತಿರುಗಿ ಎಷ್ಟೋ ಶಿಲ್ಪ ನೋಡಿದ್ದೇನೆ. ಅಷ್ಟು ಸಂಕಟ ಕೊಟ್ಟದ್ದು ಇನ್ನೊಂದಿಲ್ಲ.

ಕೆಂಚಯ್ಯ ನೀರಿನಿಂದ ಎದ್ದು ಬಂದ. ಹತ್ತು ಮಾರು ದೂರದಲ್ಲೇ ನಿಂತ. "ಅವ್ವಾ" ಅಂದ. ಐವತ್ತರ ಗಂಡಸು ಆರು ವರ್ಷದ ಹುಡುಗನ ದನಿಯಲ್ಲಿ ಕೂಗಿದ. ಚೆಲುವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ಕೆಂಚಯ್ಯ ಹತ್ತಿರ ಹೋದ, ಸುತ್ತು ಬಂದ, ಅಭ್ಯಾಸಬಲದಿಂದ ಮೂಲೆ ಹುಡುಕಿ ಮಗುಚಿದ. ಗುರುತಿನ ಮೇಲೆ ಹೆಬ್ಬೆರಳು ಆಡಿಸಿದ. "ನಮ್ಮಪ್ಪನ ಕೈ ಇದು. ಆ ಮನೇದು. ಒಗೆದು ವಾಪಸ್ ಕೊಟ್ಬುಡು ಕಣ್ಲಾ."

"ಅವರೇ ಕೊಟ್ಟವ್ರೆ ಅಪ್ಪಾ."

"ಕೊಟ್ರೇನು? ಕೊಟ್ಟಿದ್ದ ಒಗೆದು ವಾಪಸ್ ಕೊಡೋರು ನಾವು. ಒಂದ ಉಳಿಸ್ಕೊಂಡು ನಮ್ಮಪ್ಪ ಕಳ್ಳ ಅನ್ನಿಸ್ಕೊಂಡೋದ. ಇನ್ನೊಂದ ನಾನು ಇಟ್ಕಳಕಿಲ್ಲ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಎರಡೇ ದಿನ ತಾಳಿ, ಪರೀಕ್ಷೆ ಮುಗಿಯಲಿ, ಕಡೆಗೆ ಒಂದು ಫೋಟೋನಾದರೂ ತೆಗೆಸೋಣ ಎಂದು ಅಂಗಲಾಚಿದೆ. ಚೆಲುವ ಅಪ್ಪನ ಮುಖ ನೋಡುತ್ತಿದ್ದ. "ಬುಡಿ ಶಿವಣ್ಣೋರೇ. ನಮ್ಮಪ್ಪ ಹುಡುಗ ಆಗಿದ್ದಾಗಿಂದ ಇದ ವಾಪಸ್ ಕೊಡೋಕೆ ಕಾದವ್ನೆ" ಅಂದ. ಆಮೇಲೆ ಮಗುವನ್ನು ಎತ್ತಿಕೊಳ್ಳುವ ಹಾಗೆ ಅವಳನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕೆರೆಗೆ ಇಳಿದ. ಮೊದಲು ನಿರಿಗೆ ಮೆತ್ತಗಾಯಿತು, ಆಮೇಲೆ ಸೊಂಟ, ಕೊನೆಗೆ ಹೆಗಲು. ಗಂಜಿ ಬೆಳ್ಳಗೆ ನೀರಲ್ಲಿ ಹರಡಿತು. ನಾನು ಅತ್ತೆ. ಚೆಲುವ ಅಳಲಿಲ್ಲ, ಕಲ್ಲಿಗೆ ಬಡಿಯದೆ ಕೈಯಲ್ಲೇ ಉಜ್ಜಿ ತೊಳೆದ.

ಮಾರನೆಯ ದಿನ ತಂದೆ ಮಗ ಇಬ್ಬರೂ ನಮ್ಮ ಮನೆಗೆ ಬಂದು ಹಿತ್ತಲಲ್ಲಿ ನಿಂತರು. ಅಜ್ಜಿ ಅವರನ್ನು ಮುಂಬಾಗಿಲಿಗೆ ಕರೆಸಿದಳು. ಕೆಂಚಯ್ಯ ಇಸ್ತ್ರಿ ಮಾಡಿದ ಸೀರೆಯನ್ನು ಎರಡು ಕೈಯಲ್ಲಿ ಮುಂದೆ ಹಿಡಿದ.

"ಅಮ್ಮಾ, ಬಟ್ಟೆ ತಂದಿವ್ನಿ. ವಸಿ ತಡ ಆಯ್ತು."

ಅಜ್ಜಿ ಈಸಿಕೊಂಡಳು. "ಬಂತು ಕಣಪ್ಪ, ಎಲ್ಲಾ ಬಂತು" ಅಂದಳು. ಆಮೇಲೆ, "ನಿಮ್ಮವ್ವನ ಹೆಸರೇನಪ್ಪ?" ಎಂದು ಕೇಳಿದಳು.

"ಚೆಲುವಿ ಅಂತ ಕಣ್ರವ್ವ. ಅವಳ ಹೆಸ್ರೇ ಇವನಿಗೆ ಮಡಗಿರೋದು."

ಪರೀಕ್ಷೆಯ ದಿನ ಚೆಲುವನ ಜಾಗ ಖಾಲಿಯಿತ್ತು. ಅವನಿಗೆ ಡಿಪ್ಲೊಮ ಸಿಗಲಿಲ್ಲ. ನಾನು ಅವನನ್ನು ಕೊನೆಯ ಸಲ ನೋಡಿದ್ದು ರೈಲ್ವೆ ಸ್ಟೇಷನ್ನಿನಲ್ಲಿ. ಯಾವುದೋ ನಾಟಕ ಕಂಪನಿಯಲ್ಲಿ ಪಾತ್ರಗಳ ಉಡುಪು ನೋಡಿಕೊಳ್ಳುವ ಕೆಲಸ ಸಿಕ್ಕಿ ಹುಬ್ಬಳ್ಳಿ ಕಡೆಗೆ ಹೊರಟಿದ್ದ. "ಇನ್ನೊಂದು ಸಲ ಮಾಡು ಚೆಲುವ, ಬೇರೆ ಬಟ್ಟೆಯಲ್ಲಿ" ಅಂದೆ. "ನಮ್ಮಪ್ಪ ಕೂಗಿದ್ನಲ್ಲ, ನೀವೂ ಕೇಳಿದ್ರಲ್ಲ" ಅಂದ. ರೈಲು ಹೊರಟಿತು. ಒಂದು ಕಾಗದ ಬಂತು, ಆಮೇಲೆ ಅದೂ ಇಲ್ಲ. ನಾನು ಬರೆದದ್ದು ಹಾಗೇ ಹಿಂದಕ್ಕೆ ಬಂತು.

ಐದಾರು ವರ್ಷದ ಮೇಲೆ ಅಜ್ಜಿ ತೀರಿಕೊಂಡಳು. ಮಣ್ಣು ಮಾಡುವಾಗ ಆ ಹಸಿರು ಸೀರೆಯನ್ನೇ ಉಡಿಸಬೇಕೆಂದು ಮೊದಲೇ ಹೇಳಿಟ್ಟಿದ್ದಳು. ಕೆಂಚಯ್ಯ ಕೊಟ್ಟ ದಿನದಿಂದ ಯಾರೂ ಅದರ ಮಡಿಕೆ ಬಿಚ್ಚಿರಲಿಲ್ಲ. ನಾನೇ ಬಿಚ್ಚಿದೆ, ಚೆಲುವನ ಚಾಳಿ ನನಗೂ ಅಂಟಿತ್ತೋ ಏನೋ, ಮೂಲೆ ಮಗುಚಿ ನೋಡಿದೆ. ಮಾಸಿದ ಒಂದು ಗೀಟು, ಎರಡು ಚುಕ್ಕೆ. ಅದರ ಪಕ್ಕದಲ್ಲಿ, ಹೊಸ ಕಪ್ಪಿನಲ್ಲಿ, ನಾನು ಯಾವ ಬಟ್ಟೆಯಲ್ಲೂ ಕಂಡಿರದ ಒಂದು ಪುಟ್ಟ ಸೊನ್ನೆ.

"ಇದೇನೋ ಕಪ್ಪಗೆ?" ಎಂದು ಅಮ್ಮ ಕೇಳಿದಳು.

"ಚೆಲುವಿಯ ಗುರುತು" ಅಂದೆ. ಉಡಿಸುವವರಿಗೆ ಆ ಮೂಲೆಯನ್ನು ಒಳಗೆ ಸಿಕ್ಕಿಸದೆ ಮೇಲೆ ಕಾಣುವ ಹಾಗೆ ಬಿಡಲು ಹೇಳಿದೆ.