ರಟ್ಟು ಬೇರೆ, ಕಾಗದ ಬೇರೆ

ಮಹಾರಾಷ್ಟ್ರದ ಗಡಿಯೂರು ಉಮರ್ಗಾದ ನಮ್ಮ ಶಾಲೆಯಲ್ಲಿ ಕನ್ನಡದ ತರಗತಿಗಳು ನಿಂತು ಕೆಲವು ವರ್ಷಗಳಾಗಿದ್ದವು. ಕನ್ನಡ ಕಲಿಸಲೆಂದು ಸೇರಿದ ನಾನು ಈಗ ಹಿಂದಿ ಕಲಿಸುತ್ತಿದ್ದೆ. ಯಾರೂ ಬೇಕೆನ್ನದ ಗ್ರಂಥಾಲಯದ ಕೀಲಿಯೂ ನನ್ನ ಹತ್ತಿರವೇ ಇತ್ತು. ತವರು ಭಾಲ್ಕಿ ಕಡೆ. ಮದುವೆಯಾಗಿ ಇಲ್ಲಿಗೆ ಬಂದವಳು. ಮನೆಯಲ್ಲಿ ಗಂಡನ ಜೊತೆ ಕನ್ನಡ, ಮಗಳ ಜೊತೆ ಅರ್ಧ ಮರಾಠಿ, ಶಾಲೆಯಲ್ಲಿ ಪೂರಾ ಮರಾಠಿ. ಸಂಜೆಯಾಗುವಷ್ಟರಲ್ಲಿ ನಾಲಿಗೆಗೂ ದಣಿವಾಗಿರುತ್ತಿತ್ತು.

ದೀಪಾವಳಿ ರಜೆ ಮುಗಿದ ಮೇಲೆ ಒಂದು ದಿನ ಮುಖ್ಯಾಧ್ಯಾಪಕರು ಕರೆದರು. ಅವರು ವಲಾಂಡಿ ಎಂಬ ಊರಿನ ಒಕ್ಕಲು ಮನೆತನದವರು, ವಿಭೂತಿ ಹಚ್ಚದೆ ಮನೆ ಬಿಡುವವರಲ್ಲ. ಎಲ್ಲರ ಮುಂದೆ ಮರಾಠಿ ಮಾತಾಡುತ್ತಿದ್ದರು. ನಾನೊಬ್ಬಳೇ ಇದ್ದಾಗ ಕನ್ನಡ, ಅದೂ ತಗ್ಗಿದ ದನಿಯಲ್ಲಿ.

"ಬಾಯೀ, ಲೈಬ್ರರಿ ಖೋಲಿ ಖಾಲಿ ಮಾಡಬೇಕಾಗ್ಯದ. ಅಲ್ಲಿ ಕಂಪ್ಯೂಟರ್ ಬರ್ತಾವ. ಸಂಸ್ಥಾದವರು ಹೇಳ್ಯಾರ."

"ಪುಸ್ತಕ ಎಲ್ಲಿ ಇಡೂದ್ರಿ ಸರ್?"

"ಹೊಸಾವು ಒಂದು ಕಪಾಟಿನಾಗ ಹಿಡಿಯುವಷ್ಟು ಇಟ್ಕೋರಿ. ಉಳದದ್ದು ರದ್ದಿಗಿ."

"ಕನ್ನಡದ್ದು?"

ಅವರು ಕಿಟಕಿಯಾಚೆ ನೋಡಿದರು. "ಓದೋರು ಯಾರ ಅದಾರ, ನೀವೇ ಹೇಳ್ರಿ."

ಕೀಲಿ ಹಿಡಿದು ಗ್ರಂಥಾಲಯದ ಕಡೆ ನಡೆದೆ. ಜಗಳ ಮಾಡುವ ಶಕ್ತಿ ಆಗಲೇ ನನ್ನಲ್ಲಿ ಕಡಿಮೆಯಾಗಿತ್ತು.

ಆ ಕೋಣೆಯಲ್ಲಿ ಮೂರು ಭಾಷೆಯ ಪುಸ್ತಕಗಳಿದ್ದವು. ಮೂಲೆಯ ಕಪಾಟಿನಲ್ಲಿ ನಿಜಾಮನ ಕಾಲದ ಉರ್ದು, ಗೋಡೆಯುದ್ದಕ್ಕೆ ಮರಾಠಿ, ಬಾಗಿಲ ಹಿಂದೆ ಕನ್ನಡ. ಮರಾಠಿ ಮಾಸ್ತರರು ತಮಗೆ ಬೇಕಾದವನ್ನು ಎತ್ತಿಕೊಂಡು ಹೋಗಿ ಸಿಬ್ಬಂದಿ ಕೋಣೆಯ ಮೇಜಿನ ಕೆಳಗೆ ಪೇರಿಸಿದರು. ಯಾರೂ ಬೇಡವೆನ್ನಲಿಲ್ಲ. ಉರ್ದು ಕಪಾಟಿನ ಹತ್ತಿರ ಯಾರೂ ಸುಳಿಯಲೇ ಇಲ್ಲ. ಅದನ್ನು ತೆರೆದಾಗ ಗೆದ್ದಲು ತಿಂದ ಪುಡಿ ಕಾಲ ಮೇಲೆ ಸುರಿಯಿತು. ಕನ್ನಡದವು ಮಾತ್ರ ಗಟ್ಟಿಯಾಗಿಯೇ ಇದ್ದವು. ಅದೇ ನನಗೆ ಕಷ್ಟವಾಯಿತು.

ನಿಲಂಗಾದ ಒಂದು ವಾಚನಾಲಯಕ್ಕೆ ಫೋನ್ ಮಾಡಿದೆ. ಜಾಗವಿಲ್ಲ ಎಂದರು. ಒಂದು ಭಾನುವಾರ ಎರಡು ಚೀಲ ತುಂಬಿಕೊಂಡು ಬಸ್ಸಿನಲ್ಲಿ ಉದಗೀರಿಗೆ ಹೋದೆ. ಅಲ್ಲೊಂದು ಖಾಸಗಿ ವಾಚನಾಲಯ ನಡೆಸುತ್ತಿದ್ದ ಮನುಷ್ಯ ಒಳ್ಳೆಯವನು. ನೀರು ಕೊಟ್ಟ, ಕೂರಿಸಿದ, ಒಂದೊಂದೇ ಪುಸ್ತಕ ತೆಗೆದು ತಲೆಕೆಳಗಾಗಿ ಹಿಡಿದು ನೋಡಿದ. "ತಾಯೀ, ಇವನ್ನ ಇಟ್ಕೊಂಡ್ರ ನಾಳೆ ನಾನೂ ನಿಮ್ಮ ಹಾಂಗೇ ಚೀಲ ಹೊತ್ತು ಅಡ್ಡಾಡಬೇಕಾಗ್ತದ," ಎಂದ. ಚೀಲಗಳನ್ನು ಹೊತ್ತು ಮನೆಗೆ ಬಂದೆ. ಎರಡು ಕೋಣೆಯ ಬಾಡಿಗೆ ಮನೆ. ಗಂಡ ಅವನ್ನು ಮಂಚದ ಕೆಳಗೆ ತಳ್ಳುತ್ತ, "ಇಷ್ಟೇ ನೋಡು. ಇನ್ನ ತಂದ್ರ ನಾವು ಹೊರಗ ಮಲಗಬೇಕು," ಎಂದರು.

ರದ್ದಿಯವನು ಟೆಂಪೋ ತಂದ ದಿನ ಬಿಸಿಲಿತ್ತು. ಹೊರಗೆ ಹಾಕಿದ್ದ ಪುಸ್ತಕಗಳ ಗುಡ್ಡೆ ನೋಡಿ ಅವನು ಹತ್ತಿರವೂ ಬರಲಿಲ್ಲ.

"ಹಿಂಗ ನಡ್ಯಾಂಗಿಲ್ರಿ. ಪುಠ್ಠಾ ಬ್ಯಾರೆ, ಕಾಗದ ಬ್ಯಾರೆ. ಹರದು ಕೊಡ್ರಿ. ನಾ ಅಷ್ಟರಾಗ ಬಜಾರಕ್ಕ ಹೋಗಿ ಬರ್ತೀನಿ."

ಅಂದರೆ ಪುಸ್ತಕದ ರಟ್ಟುಗಳನ್ನು ನಾವೇ ಕಿತ್ತು ಬೇರೆ ಮಾಡಬೇಕು. ಶಾಲೆಯ ಸಿಪಾಯಿ ಕೂತ, ನಾನೂ ಪಡಸಾಲೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಮುಖ್ಯಾಧ್ಯಾಪಕರೂ ಬಂದು ಅಂಗಿಯ ತೋಳು ಮಡಚಿ ಕೂತರು. ಹಳೆಯ ಹೊಲಿಗೆ ಸುಲಭವಾಗಿ ಬಿಡುತ್ತಿರಲಿಲ್ಲ. ಮೊಣಕಾಲಿನಿಂದ ಅದುಮಿ ಎಳೆದರೆ ಬಟ್ಟೆ ಹರಿದ ಸದ್ದು ಬರುತ್ತಿತ್ತು. ಮೊದಮೊದಲು ಹೆಸರು ಓದಿ ಹರಿಯುತ್ತಿದ್ದೆ. ಆಮೇಲೆ ಓದುವುದನ್ನು ಬಿಟ್ಟೆ. ಬೆರಳ ತುದಿಗಳು ಒಣಗಿ ಉರಿಯತೊಡಗಿದ್ದವು.

ಮುಖ್ಯಾಧ್ಯಾಪಕರು ರಟ್ಟು ಕಿತ್ತ ಒಂದು ಪುಸ್ತಕವನ್ನು ಕೈಯಲ್ಲೇ ಹಿಡಿದು ಕೂತಿದ್ದರು.

"ಬಾಯೀ, ಇದರಾಗ ಏನ್ ಬರದಾರ?"

"ನೋಡ್ರಿ ಸರ್, ನಿಮ್ಮ ಕೈಯಾಗೇ ಅದಲ್ಲ."

"ನನಗ ಓದಲಾಕ ಬರಾಂಗಿಲ್ಲ." ಸಿಪಾಯಿಯ ಕಡೆ ಒಮ್ಮೆ ನೋಡಿ ಮುಂದುವರಿಸಿದರು. "ಮನ್ಯಾಗ ಮಾತಾಡೂದು ಇದೇ. ಸಾಲಿ ಕಲಿತದ್ದು ಮರಾಠಿ. ಅಕ್ಷರ ಯಾರು ಕಲಿಸಬೇಕಿತ್ತು?"

ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿ ಇದು ನನಗೆ ಗೊತ್ತಿರಲಿಲ್ಲ. ಪುಸ್ತಕ ತೆಗೆದುಕೊಂಡು ತೆರೆದಿದ್ದ ಪುಟದಿಂದಲೇ ಓದಿದೆ. ತವರಿಗೆ ಹೊರಟ ಸೊಸೆಯ ಬಂಡಿ ಹಳ್ಳದ ದಂಡೆಯಲ್ಲಿ ನಿಂತುಬಿಡುತ್ತದೆ. ಎತ್ತು ನೀರಿಗೆ ಇಳಿಯುವುದಿಲ್ಲ. ಅವಳು ಎತ್ತಿಗೆ ಬೈಯುತ್ತ, ಬೈಯುತ್ತ ಅತ್ತೆಗೇ ಬೈಯತೊಡಗುತ್ತಾಳೆ. ಮುಖ್ಯಾಧ್ಯಾಪಕರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅಪರೂಪ.

"ನಮ್ಮವ್ವ ಖರೇನೇ ಹಿಂಗ ಮಾತಾಡ್ತಿದ್ಲು. ಇದನ್ನೆಲ್ಲಾ ಪುಸ್ತಕದಾಗ ಬರೀತಾರೇನು?"

"ಬರೀತಾರ್ರಿ ಸರ್."

ಟೆಂಪೋ ತಿರುಗಿ ಬಂತು. ಅವರು ಆ ರಟ್ಟಿಲ್ಲದ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಎದ್ದರು. ಉಳಿದದ್ದನ್ನು ತಡೆಯಲಿಲ್ಲ. ತಡೆದಿದ್ದರೂ ಆ ಹೊತ್ತಿಗೆ ಅವು ಬರೀ ಹಾಳೆಗಳಾಗಿದ್ದವು. ಟೆಂಪೋ ಗೇಟು ದಾಟುವಾಗ ಕೆಲವು ಹಾಳೆ ಹಾರಿದವು. ಸಿಪಾಯಿ ಅವನ್ನು ಕಸಬರಿಗೆಯಿಂದ ಒಟ್ಟು ಮಾಡಿದ.

ಮುಂದಿನ ವಾರದಿಂದ ಅವರು ನನ್ನ ಬಿಡುವಿನ ಹೊತ್ತಿಗೆ ಅಕ್ಷರ ಕಲಿಯಲು ಬರತೊಡಗಿದರು. ಮಗ್ಗಲಿನ ಕೋಣೆಯಲ್ಲಿ ಕಂಪ್ಯೂಟರಿಗಾಗಿ ಗೋಡೆಗೆ ತೂತು ಕೊರೆಯುವ ಸದ್ದು. ಇಲ್ಲಿ ನಿವೃತ್ತಿಯ ಹತ್ತಿರ ಬಂದ ಮನುಷ್ಯ ಬೆರಳಿಟ್ಟು "ಎ, ತ್ತು" ಎನ್ನುತ್ತಿದ್ದರು. ಬೇಗ ಕಲಿತರು. ಒತ್ತಕ್ಷರಗಳಲ್ಲಿ ಮಾತ್ರ ಎಡವುತ್ತಿದ್ದರು. "ಈ ಜೋಡಾಕ್ಷರ ಕೆಳಗ್ಯಾಕ ಜೋತು ಬೀಳ್ತಾವ್ರಿ?" ಎಂದು ಬೇಸರಿಸುತ್ತಿದ್ದರು. ಆಮೇಲೆ ಪರೀಕ್ಷೆ ಬಂತು, ಚುನಾವಣೆಯ ಕೆಲಸ ಬಂತು. ಪಾಠ ನಿಂತಿತು. ಅವರು ನಿವೃತ್ತರಾಗಿ ಊರಿಗೆ ಹೋದರು.

ಈ ಬೇಸಿಗೆಯಲ್ಲಿ ವಲಾಂಡಿಯ ಅವರ ಮನೆಗೆ ಹೋಗಿದ್ದೆ. ಮಂಚದ ಕೆಳಗಿದ್ದ ಚೀಲಗಳಲ್ಲಿ ಒಂದನ್ನು ಕೊಟ್ಟು ಬರುವುದಿತ್ತು. ಕಣ್ಣಿನ ಆಪರೇಷನ್ ಆಗಿ ಅವರು ಕಪ್ಪು ಕನ್ನಡಕ ಹಾಕಿದ್ದರು.

"ಈಗ ನಾ ಓದೂದು ಆಗಾಂಗಿಲ್ಲ. ನೀವೇ ಓದ್ರಿ," ಎಂದರು.

ಚೀಲದಿಂದ ಕೈಗೆ ಸಿಕ್ಕಿದ್ದನ್ನು ತೆಗೆದು ಓದಿದೆ. ಅವರ ಹೆಂಡತಿ ಹೊಸ್ತಿಲ ಮೇಲೆ ಕಡಲೆ ಹಸನು ಮಾಡುತ್ತ ಕೇಳುತ್ತಿದ್ದರು. ಕೆಲವು ಪುಟ ಆಗುವಷ್ಟರಲ್ಲಿ ಮುಖ್ಯಾಧ್ಯಾಪಕರು ಕೂತಲ್ಲೇ ನಿದ್ದೆ ಹೋದರು. ನಾನು ನಿಲ್ಲಿಸಿದೆ.

"ಕಣ್ಣು ಹಿಂಗಿದ್ರೂ ಹೊಲಕ್ಕ ಹೋಗಿ ಈಗ ಬಂದಾರ್ರಿ, ದಣದಾರ," ಎಂದು ಹೆಂಡತಿ ಮೊರ ಪಕ್ಕಕ್ಕಿಟ್ಟರು. "ನೀವೂ ದಣದೀರಿ ಕಾಣ್ತದ. ಕೂಡ್ರಿ, ಚಾ ಮಾಡ್ತೀನಿ."

ಚಹಾ ಕುಡಿದು, ಚೀಲವನ್ನು ಅವರ ಪಕ್ಕದಲ್ಲೇ ಬಿಟ್ಟು ಹೊರಟೆ. ನಿಲಂಗಾದ ಮೇಲೆ ಉಮರ್ಗಾಕ್ಕೆ ಹೋಗುವ ಬಸ್ಸು ಸಿಕ್ಕಿತು, ಕೂರಲು ಜಾಗವೂ ಸಿಕ್ಕಿತು.